ಎರಡು ಹೋಳಾಗುವುದೆಲ್ಲ

ಈ ತಿಂಗಳು ಪಗಾರ ಆಗುವುದಿಲ್ಲ ಎಂದು ಖಾತ್ರಿಯಾದ ದಿನ ಬೆಳಿಗ್ಗೆ ಭಾರ್ಗವರಾಯರು ಸ್ನಾನ ಮುಗಿಸಿ, ಗೋಪೀಚಂದನ ಹಚ್ಚಿಕೊಂಡು, ಕುರ್ಚಿಯೊಂದನ್ನು ಎಳೆದು ತಂದು ಫ್ರಿಜ್ಜಿನ ಮುಂದೆ ಕೂತರು. ಇಷ್ಟು ವರ್ಷ ನೀರಾವರಿ ಕಚೇರಿಯಲ್ಲಿ ಬೀರುವಿನ ಮುಂದೆ ಕೂತು ಅಭ್ಯಾಸವಾದ ಮನುಷ್ಯ. ಎದುರಿಗೆ ತೆಗೆದು ಮುಚ್ಚಲು ಒಂದು ಬಾಗಿಲಿಲ್ಲದಿದ್ದರೆ ಅವರಿಗೆ ತಲೆ ಓಡುತ್ತಿರಲಿಲ್ಲ.

ಕಚೇರಿಗೆ ಬೀಗ ಬಿದ್ದು ಎರಡು ವಾರವಾಗಿತ್ತು. ಅದು ಎರಡು ಸಾವಿರದ ಹನ್ನೊಂದರ ಸಮ್ಮೆ, ಅಂದರೆ ಮುಷ್ಕರ. ಪ್ರತ್ಯೇಕ ತೆಲಂಗಾಣ ರಾಜ್ಯ ಕೊಡುವವರೆಗೂ ಕೆಲಸ ಮುಟ್ಟುವುದಿಲ್ಲವೆಂದು ಗುಮಾಸ್ತರು, ಮಾಸ್ತರರು, ಬಸ್ಸಿನವರು, ಕಲ್ಲಿದ್ದಲ ಗಣಿಯವರು ಎಲ್ಲರೂ ಒಟ್ಟಿಗೆ ಕೈ ಕಟ್ಟಿ ಕೂತಿದ್ದರು. ಅವರಿದ್ದ ಮಕ್ತಲ್‌ನಿಂದ ಗಡಿಯಾಚೆಯ ರಾಯಚೂರಿಗೆ ಬಸ್ಸಿಲ್ಲ, ಮಕ್ಕಳಿಗೆ ಶಾಲೆಯಿಲ್ಲ, ಕಲ್ಲಿದ್ದಲು ಏಳದ ಕಾರಣಕ್ಕೆ ಹಗಲೆಲ್ಲ ಕರೆಂಟಿಲ್ಲ.

"ಕೃಷ್ಣಾ, ಬಾ ಇಲ್ಲಿ" ಎಂದು ಹೆಂಡತಿಯನ್ನು ಕರೆದರು. "ಇವತ್ತಿನಿಂದ ಹುಕುಂ ಅಂತ ತಿಳಕೊ. ಮನ್ಯಾಗ ಇದ್ದದ್ದೆಲ್ಲಾ ಮುಗಿಯೋತನಕ ವೀರಯ್ಯನ ಅಂಗಡಿ ಕಟ್ಟಿ ಹತ್ತೋಹಂಗಿಲ್ಲ. ಒಂದು ಕಡ್ಡಿಪೆಟ್ಟಿಗಿ ಸುದ್ದಾ ತರೋಹಂಗಿಲ್ಲ."

ಕೃಷ್ಣಪ್ರಿಯಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಮನ್ಯಾಗ ಏನದ ಅಂತ ನೋಡೀರೇನು?"

"ಅದಕ್ಕೇ ಕೂತೀನಿ."

ಫ್ರೀಜರಿನ ಬಾಗಿಲು ತೆಗೆದಾಗ ಒಳಗಿನ ಮಂಜು ಕರಗಿ ಅವರ ಮಡಿಪಂಚೆಯ ಮೇಲೆ ತೊಟ್ಟಿಕ್ಕಿತು. ಒಳಗಿದ್ದದ್ದು ಚಳಿಗಾಲದಲ್ಲಿ ಸುಲಿದಿಟ್ಟ ಅವರೆಕಾಳು, ಬಟಾಣಿ, ಹಸಿ ತೊಗರಿಕಾಳು. ಕೆಳಗಿನ ಅರೆಯಲ್ಲಿ ದೋಸೆ ಹಿಟ್ಟು. ಅಡಿಗೆಮನೆಯ ಕಪಾಟಿನಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಹೆಸರುಬೇಳೆ, ಪುಟಾಣಿ, ಹಪ್ಪಳದ ಡಬ್ಬಿ. ಮೂಲೆಯಲ್ಲಿ ಬೇಸಿಗೆಯಲ್ಲಿ ಅಗ್ಗವೆಂದು ಭಾರ್ಗವರಾಯರೇ ರಾಯಚೂರಿನಿಂದ ಹೊತ್ತು ತಂದ ತೊಗರಿಬೇಳೆಯ ದೊಡ್ಡ ತಗಡಿನ ಡಬ್ಬಿ. ಅದರ ಮುಚ್ಚಳ ತೆಗೆದರೆ ಒಂದು ನುಸಿ, ಮನೆಯ ಯಜಮಾನನ ಠೀವಿಯಲ್ಲಿ, ಅಂಚಿನ ಮೇಲೆ ನಡೆದುಹೋಯಿತು.

"ನೋಡಿದ್ಯಾ? ಮನಿ ತುಂಬಿ ತುಳಕಲಿಕ್ಕತ್ತದ!" ಎಂದು ಅವರು ಗೆದ್ದವರಂತೆ ಎದ್ದು ನಿಂತರು.

ಆಗ ದೇವರ ಮುಂದೆ ಜಪಕ್ಕೆ ಕೂತಿದ್ದ ಅವರ ತಾಯಿ ಕಾಶೀಬಾಯಿ ಕಣ್ಣು ತೆರೆಯದೆಯೇ ಹೇಳಿದರು: "ಭಾರ್ಗೂ, ದಸರಾ ಮುಗದ ಮರುದಿನ ದ್ವಿದಳ ವ್ರತ ಹಿಡೀತದ. ನೆನಪದ ಇಲ್ಲೋ?"

ಭಾರ್ಗವರಾಯರು ಹಾಗೆಯೇ ಮತ್ತೆ ಕುರ್ಚಿಯಲ್ಲಿ ಕೂತರು.

ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ತಿಂಗಳಿಗೊಂದನ್ನು ಬಿಡುವುದು ಅವರ ಮನೆತನದ ಪದ್ಧತಿ. ಮೊದಲ ತಿಂಗಳು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಯ ತಿಂಗಳು ಬೇಳೆಕಾಳು. ಒತ್ತಿದರೆ ಎರಡು ಹೋಳಾಗುವ ಯಾವ ಕಾಳೂ ಆ ತಿಂಗಳು ಒಲೆ ಏರುವಂತಿಲ್ಲ. ಮಕ್ತಲ್‌ನ ಮನೆಯಲ್ಲಿ ಇದೆಲ್ಲ ಅಷ್ಟು ಬಿಗಿಯಾಗಿ ನಡೆಯುತ್ತಿರಲಿಲ್ಲ. ಆದರೆ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದ ಕಾಶೀಬಾಯಿ ಬಸ್ಸು ನಿಂತು ಇಲ್ಲೇ ಉಳಿದಿದ್ದರು. ಅವರ ಜೊತೆ ವ್ರತಗಳೂ ಉಳಿದಿದ್ದವು. ಆಗ ನಡೆಯುತ್ತಿದ್ದದ್ದು ಹಾಲು ಬಿಡುವ ತಿಂಗಳು.

ಶಾಲೆಯಿಲ್ಲದೆ ಬೇಸತ್ತಿದ್ದ ಮಗಳು ಪುಟ್ಟಿ ಕಪಾಟಿಗೆ ಕೈ ಹಾಕಿ ಒಂದೊಂದೇ ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡತೊಡಗಿದಳು.

"ಅಜ್ಜೀ, ಬಟಾಣಿ ಎರಡಾಯ್ತು."

"ಹೂಂ. ನಡಿಯೂದಿಲ್ಲ."

"ಪುಟಾಣೀನೂ ಎರಡು."

"ಅದೂ ಇಲ್ಲ."

"ಶೇಂಗಾ?"

"ಶೇಂಗಾನೂ ಇಲ್ಲ."

"ಅಪ್ಪಾ," ಎಂದಳು ಪುಟ್ಟಿ, "ನಮ್ಮ ಮನ್ಯಾಗ ಎಲ್ಲಾ ಎರಡೆರಡೇ ಆಗ್ತಾವ."

ಬುದ್ಧಿವಂತನಾದವನು ಇಲ್ಲಿಗೆ ಸುಮ್ಮನಾಗಿ, ಡಬ್ಬಿಗಳಿಗೆ ಮುಚ್ಚಳ ಹಾಕಿ, ಒಂದು ತಿಂಗಳು ಕಾಯುತ್ತಿದ್ದ. ಭಾರ್ಗವರಾಯರ ಲೆಕ್ಕವೇ ಬೇರೆ. ಕರೆಂಟಿಲ್ಲದೆ ಫ್ರೀಜರು ಬೆವರುತ್ತಿದೆ, ಕಾಳು ಕೆಡುತ್ತದೆ. ತೊಗರಿಬೇಳೆಗೆ ನುಸಿ ಹತ್ತಿದೆ, ಇನ್ನೊಂದು ತಿಂಗಳಿಗೆ ಅದು ನುಸಿಯದೇ ಮನೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿರುವುದು ಮುಗಿಯುವ ತನಕ ಏನೂ ತರುವಂತಿಲ್ಲ ಎಂದು ತಾವೇ ಹುಕುಂ ಹೊರಡಿಸಿಯಾಗಿದೆ. ಬೇಳೆ ಮುಗಿಯದೆ ತರಕಾರಿ ತಂದರೆ ಹುಕುಮಿನ ಗತಿ ಏನು?

"ದಸರಾದೊಳಗ ಎರಡು ಹೋಳಾಗೂದೆಲ್ಲಾ ಮುಗೀಬೇಕು" ಎಂದು ಅವರು ಘೋಷಿಸಿದರು. "ಕೃಷ್ಣಾ, ಒಲಿ ಹಚ್ಚು."

ಅಂದಿನಿಂದ ಆ ಮನೆಯಲ್ಲಿ ನಡೆದದ್ದನ್ನು ಊಟ ಎನ್ನುವುದು ಕಷ್ಟ. ಬೆಳಿಗ್ಗೆ ಉದ್ದಿನ ದೋಸೆ, ಅದಕ್ಕೆ ಪುಟಾಣಿ ಚಟ್ನಿ. ಮಧ್ಯಾಹ್ನ ಹೂರಣದ ಹೋಳಿಗೆ, ಅದರ ಕಟ್ಟಿನ ಸಾರು, ಅವರೆಕಾಳಿನ ಉಸಳಿ, ಅಂಬೊಡೆ. ಸಂಜೆ ಬಟಾಣಿ. ಹಪ್ಪಳ ಮಾತ್ರ ಹೊತ್ತುಗೊತ್ತಿಲ್ಲದೆ. ಮೂರನೆಯ ದಿನ ಪುಟ್ಟಿ ಹೋಳಿಗೆ ಕಂಡು ಅತ್ತಳು. ಕೃಷ್ಣಪ್ರಿಯಾ ಹೂರಣ ರುಬ್ಬಿದಳು, ಹಿಟ್ಟು ನಾದಿದಳು, ಕರಿದಳು, ಬಡಿಸಿದಳು. ಗಂಡನ ಎಲೆಗೆ ನಾಲ್ಕನೆಯ ಅಂಬೊಡೆ ಹಾಕುವಾಗ ಮಾತ್ರ ಅವಳ ಕೈ ಸ್ವಲ್ಪ ಬಿರುಸಾಗುತ್ತಿತ್ತು.

ವಾಸನೆ ಎಂಬುದಕ್ಕೆ ಸಮ್ಮೆ ಇಲ್ಲ. ತುಪ್ಪ, ಯಾಲಕ್ಕಿ, ಕಾದ ಎಣ್ಣೆಯ ವಾಸನೆ ಗೋಡೆ ಹಾರಿ ಓಣಿಗಿಳಿಯಿತು. ಆ ವರ್ಷ ಓಣಿಯ ಯಾವ ಮನೆಯಲ್ಲೂ ಹಬ್ಬ ಹಬ್ಬದಂತಿರಲಿಲ್ಲ. ಲಾರಿ ಬಾರದೆ ಅಂಗಡಿಗಳಲ್ಲಿ ಬೇಳೆಯೇ ಇರಲಿಲ್ಲ. ಹುಣಸೆನೀರಿಗೆ ಖಾರ ಹಾಕಿ ಕುದಿಸಿ ಅದನ್ನೇ ಸಾರೆಂದು ಉಣ್ಣುತ್ತಿದ್ದ ಜನ ಒಮ್ಮೆಲೇ ತಲೆಯೆತ್ತಿ ಗಾಳಿ ಮೂಸಿದರು.

ಪಕ್ಕದ ಮನೆಯ ಪೆಂಟಮ್ಮ ಎಲ್ಲರಿಗಿಂತ ಮೊದಲು ಮೂಸಿದಳು. ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆಲ್ಲ ಹಾಲು ಹಾಕುವ ಹೆಂಗಸು. ಕಾಶೀಬಾಯಿ ಬಂದ ಮೇಲೆ ಭಾರ್ಗವರಾಯರ ಮನೆಯಲ್ಲಿ ವ್ರತವೆಂದು ಅವಳ ಹಾಲು ನಿಂತಿತ್ತು. ಆ ನೋವು ಅವಳಿಗೆ ಇದ್ದೇ ಇತ್ತು.

"ಹಾಲು ಬ್ಯಾಡ, ವ್ರತ ಐತಿ ಅಂದ್ರು" ಎಂದಳು ನಲ್ಲಿಯ ಹತ್ತಿರ, ಕೊಡ ತುಂಬುತ್ತಿದ್ದವರಿಗೆಲ್ಲ ಕೇಳುವಂತೆ. "ದಿನಾ ಹೋಳಿಗಿ ತಿನ್ನೋ ವ್ರತ ಯಾವುದವ್ವ? ನಾನೂ ಹಿಡೀತಿದ್ನಲ್ಲ!"

ಇಷ್ಟರಲ್ಲೇ ಮುಗಿದಿದ್ದರೆ ಇದು ಬರೀ ಹೆಂಗಸರ ಮಾತಾಗಿ ನಲ್ಲಿಯ ನೀರಿನೊಂದಿಗೆ ಹರಿದುಹೋಗುತ್ತಿತ್ತು. ಭಾರ್ಗವರಾಯರು ಅದನ್ನು ಹರಿಯಲು ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನ ಮುಂದೆ ಬೇವಿನ ಮರದ ಕೆಳಗೆ ಸಮ್ಮೆಯ ಟೆಂಟು. ನೌಕರರೆಲ್ಲ ದಿನವೂ ಅಲ್ಲಿ ಬಂದು ಕೂಡಬೇಕು. ಅದನ್ನು ನಡೆಸುತ್ತಿದ್ದವನು ಅದೇ ನೀರಾವರಿ ಕಚೇರಿಯ ಜೀಪಿನ ಡ್ರೈವರ್ ಹನುಮಂತು. ಮೈಕು ಕೆಟ್ಟರೂ ಗೊತ್ತಾಗದಷ್ಟು ದೊಡ್ಡ ದನಿಯವನು. ಆ ಮಧ್ಯಾಹ್ನ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದರು. ಒಬ್ಬ ಮಾಸ್ತರ ಮನೆಯಲ್ಲಿ ಜೋಳದ ಗಂಜಿ ಕುಡಿದು ಬಂದಿದ್ದ. ಹನುಮಂತು ಭಾರ್ಗವರಾಯರ ಕಡೆ ತಿರುಗಿ ಕನಿಕರದಿಂದಲೇ ಕೇಳಿದ: "ನಿಮ್ಮ ಮನಿ ಹೆಂಗ ನಡದೈತಿ ಸಾರ್?"

ಇನ್ನೊಬ್ಬರ ಕನಿಕರ ಭಾರ್ಗವರಾಯರಿಗೆ ಹುಟ್ಟಿನಿಂದ ಆಗದು. ಎದೆ ಸೆಟೆಸಿ ಅಂದರು: "ನಮ್ಮ ಮನಿಗೇನಾಗ್ಯದ? ಇನ್ನ ಆರು ತಿಂಗಳು ಪಗಾರ ಬರದಿದ್ರೂ ನಮ್ಮ ಮನ್ಯಾಗ ಒಂದು ಹೊತ್ತು ತಪ್ಪೂದಿಲ್ಲ."

ಹೇಳಿ ಬಾಯಿ ಮುಚ್ಚಿದ್ದರೆ ಒಳ್ಳೆಯದಿತ್ತು. ಬಾಯಿ ತಾನಾಗಿಯೇ ತೆರೆಯಿತು. ಹೊಟ್ಟೆಯ ಆಳದಿಂದ ತುಪ್ಪ ಹೂರಣಗಳ ಘಮ ಹೊತ್ತ ಒಂದು ಉದ್ದನೆಯ ತೇಗು ಹೊರಬಂದು ಟೆಂಟಿನೊಳಗೆ ಒಂದು ಸುತ್ತು ಹಾಕಿತು. ಗಂಜಿ ಕುಡಿದ ಮಾಸ್ತರ ನಿಧಾನವಾಗಿ ತಿರುಗಿ ನೋಡಿದ.

ಮರುದಿನ ಕಪಾಟಿನ ಹಿಂದಿನ ಸಾಲು ನೋಡುವಾಗ ಭಾರ್ಗವರಾಯರಿಗೆ ಇನ್ನೊಂದು ನೆನಪಾಯಿತು. ಕಚೇರಿಯ ಮೇಜಿನ ಖಾನೆಯಲ್ಲಿ ಒಂದು ಡಬ್ಬಿ ಚಟ್ನಿಪುಡಿ! ಸಮ್ಮೆಗೆ ಮುಂಚೆ ಇಟ್ಟದ್ದು. ಕಡಲೆಬೇಳೆ, ಉದ್ದಿನಬೇಳೆ, ಎಲ್ಲ ಎರಡು ಹೋಳಿನದೇ. ಅದೂ ಮನೆಯದೇ ಮಾಲು, ಅದೂ ಮುಗಿಯಬೇಕು.

"ಹೋಗ್ಲಿ ಬಿಡ್ರಿ," ಎಂದಳು ಕೃಷ್ಣಪ್ರಿಯಾ. "ಒಂದು ಡಬ್ಬಿ ಚಟ್ನಿಪುಡಿಗೆ ಬೀಗ ಹಾಕಿದ ಕಚೇರಿಗೆ ಹೋಗ್ತಾರೇನು?"

"ನೇಮ ಅಂದ್ರ ನೇಮ ಕೃಷ್ಣಾ."

ಮಟಮಟ ಮಧ್ಯಾಹ್ನ, ಓಣಿ ಮಲಗಿದ ಹೊತ್ತಿಗೆ, ಅವರು ಹಿಂದಿನ ಗೋಡೆಯ ಒಡಕಿನಿಂದ ಕಚೇರಿ ಹೊಕ್ಕು, ಕಾವಲುಗಾರನನ್ನು ಎಬ್ಬಿಸಿ, ಕೈ ಮುಗಿದು, ಬಾಗಿಲು ತೆಗೆಸಿ, ಡಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಹೊರಬಿದ್ದರು. ಆ ಒಡಕಿನ ಎದುರಿಗೇ ವೀರಯ್ಯನ ಕಿರಾಣಿ ಅಂಗಡಿ. ಮಾರಲು ಏನೂ ಇಲ್ಲದೆ ವೀರಯ್ಯ ಗಲ್ಲಾಪೆಟ್ಟಿಗೆಯ ಮೇಲೆ ಗದ್ದ ಊರಿ ರಸ್ತೆ ನೋಡುತ್ತಿದ್ದ. ಅಂಗಿಯ ಹೊಟ್ಟೆ ಉಬ್ಬಿಸಿಕೊಂಡು, ಅತ್ತಿತ್ತ ನೋಡುತ್ತ, ಬೀಗದ ಕಚೇರಿಯಿಂದ ಹೊರಬರುತ್ತಿರುವ ಭಾರ್ಗವರಾಯರನ್ನು ಅವನು ಕಣ್ಣು ತುಂಬ ನೋಡಿದ.

ಸಂಜೆಯೊಳಗೆ ವೀರಯ್ಯ ಕಂಡದ್ದೂ, ಪೆಂಟಮ್ಮ ಮೂಸಿದ್ದೂ, ಟೆಂಟಿನ ತೇಗೂ ಒಂದಕ್ಕೊಂದು ಸೇರಿ ಒಂದೇ ಸುದ್ದಿಯಾದವು. ಭಾರ್ಗವರಾಯರು ಗುಟ್ಟಾಗಿ ಡ್ಯೂಟಿಗೆ ಸೇರಿದ್ದಾರೆ. ಹಿಂಬಾಗಿಲಿನಿಂದ ಹೋಗಿ ಹಾಜರಿ ಹಾಕಿ ಬರುತ್ತಾರೆ. ಪಗಾರವೂ ಕೈಗೆ ಬಂದಿದೆ. ಇಲ್ಲದಿದ್ದರೆ ದಿನವೂ ಹೋಳಿಗೆ ಎಲ್ಲಿಂದ?

ಮರುದಿನ ಟೆಂಟಿಗೆ ಹೋದರೆ ಚಾಪೆಯ ಮೇಲೆ ಅವರ ಎರಡೂ ಪಕ್ಕದವರು ಒಟ್ಟಿಗೆ ಸರಿದು ಕೂತರು. ಭಾರ್ಗವರಾಯರ ಸುತ್ತ ಒಬ್ಬ ಮಲಗುವಷ್ಟು ಜಾಗವಾಯಿತು. ಯಾರೂ ಅವರಿಗೆ ಚಹಾ ಕೊಡಲಿಲ್ಲ. ಕ್ಷೌರಕ್ಕೆ ಹೋದರೆ ಕತ್ತರಿ ಸಾಣೆಗೆ ಹೋಗಿದೆ ಎಂದು ತಾಯಣ್ಣ ಕತ್ತರಿ ಕೈಯಲ್ಲಿ ಹಿಡಿದೇ ಹೇಳಿದ. ಸಂಜೆ ಕೃಷ್ಣಪ್ರಿಯಾ ನಲ್ಲಿಯಿಂದ ಖಾಲಿ ಕೊಡದೊಂದಿಗೆ ಹಿಂದಿರುಗಿ, ಕೇಳಿದ್ದನ್ನೆಲ್ಲ ಗಂಡನಿಗೆ ಮೆಲ್ಲಗೆ ಹೇಳಿದಳು.

ಭಾರ್ಗವರಾಯರ ಮುಖ ಬಿಳಿಚಿತು. ನೌಕರಿ ಸಿಕ್ಕಾಗಿನಿಂದ ಇದೇ ಊರು. ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಈಗ ಊರಿನ ಕಣ್ಣಲ್ಲಿ ತಮ್ಮವರನ್ನೇ ಮಾರಿಕೊಂಡ ಮನುಷ್ಯ! ಪಗಾರ ಇವತ್ತಲ್ಲ ನಾಳೆ ಬಂದೀತು. ಹೋದ ಹೆಸರು ಯಾವ ತಿಂಗಳಿಗೆ ಬರುತ್ತದೆ?

"ನಾಳಿಂದ ಏನೂ ಕರೀಬ್ಯಾಡ ಅನ್ರಿ, ನಿಲ್ಲಿಸಿಬಿಡ್ತೀನಿ" ಎಂದಳು ಕೃಷ್ಣಪ್ರಿಯಾ.

"ನಿಲ್ಲಿಸಿದ್ರ ತಪ್ಪು ಒಪ್ಪಿಕೊಂಡ್ಹಂಗ ಆಗ್ತದ. ಕಿಡಕಿ ಮುಚ್ಚಿ ಕರಿ."

ಹೀಗೆ ಆ ಮನೆಯ ಕಿಟಕಿಗಳು ಮುಚ್ಚಿದವು. ಬಾಗಿಲಿನ ಸಂದಿಗೆ ಗೋಣಿಚೀಲ ತುರುಕಲಾಯಿತು. ವಾಸನೆ ಮುಚ್ಚಲು ಭಾರ್ಗವರಾಯರು ಒಂದು ಕಟ್ಟು ಊದಿನಕಡ್ಡಿ ಒಮ್ಮೆಲೇ ಹಚ್ಚಿದರು. ಬಾಗಿಲ ಸಂದಿಯಿಂದ ಹೊಗೆ ಓಣಿಗೆ ಹರಿದಾಗ ಪೆಂಟಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. "ಬಾಗಿಲು ಹಾಕ್ಕೊಂಡು ಪೂಜಿ ಮಾಡ್ಸಾಕ ಹತ್ಯಾರ" ಎಂದಳು. "ಪ್ರಮೋಷನ್ನೂ ಆಗಿರಬೇಕು."

ಆ ಹೊತ್ತಿಗೆ ದಸರೆಗೆ ಎರಡು ದಿನ ಉಳಿದಿತ್ತು. ಸಂಜೆ ಬಾಗಿಲು ಬಡಿದ ಸದ್ದು. ತೆಗೆದರೆ ಹನುಮಂತು, ಹಿಂದೆ ಹತ್ತಾರು ಮಂದಿ, ಅವರ ಹಿಂದೆ ಸುಮ್ಮನೆ ನೋಡಲು ಬಂದ ಓಣಿ. ಕಟ್ಟೆಯ ಮೇಲೆ ಪೆಂಟಮ್ಮ. ಭಾರ್ಗವರಾಯರ ತುಟಿಯಂಚಿನಲ್ಲಿ ಅಂಬೊಡೆಯ ಚೂರು.

ಹನುಮಂತುವಿನ ದೊಡ್ಡ ದನಿ ಅಂದು ಸಣ್ಣದಾಗಿತ್ತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಸಾರ್, ನಿಮ್ಮ ಕೈಕೆಳಗ ಜೀಪು ಓಡ್ಸೀನಿ. ಮರ್ಯಾದಿ ಐತಿ. ಖರೇ ಹೇಳ್ರಿ. ಕಚೇರಿಗೆ ಹೋಗಿದ್ರೋ ಇಲ್ಲೋ?"

"ಹೋಗಿದ್ದೆ."

ಗುಂಪಿನಲ್ಲಿ ಒಂದು ಉಸಿರು ಎದ್ದಿತು.

"ಯಾಕ ಹೋಗಿದ್ರಿ?"

"ಚಟ್ನಿಪುಡಿ ತರ್ಲಿಕ್ಕೆ."

ಯಾರೋ ನಕ್ಕರು. ಹನುಮಂತು ನಗಲಿಲ್ಲ. "ಚಟ್ನಿಪುಡಿ. ಎಲ್ಲೈತಿ, ತೋರಸ್ರಿ."

"ತಿಂದು ಮುಗಿಸಿದ್ವಿ" ಎಂದರು ಭಾರ್ಗವರಾಯರು. ಹೇಳುವಾಗಲೇ ಅವರಿಗೆ ತಮ್ಮ ನೇಮದ ಮೇಲೆ ಮೊದಲ ಸಲ ಸಿಟ್ಟು ಬಂತು. "ಕೇಳು ಹನುಮಂತು, ದಸರಾದ ಮರುದಿನ ನಮ್ಮ ವ್ರತ. ಬ್ಯಾಳಿ ತಿನ್ನೋಹಂಗಿಲ್ಲ. ಅದಕ್ಕ ಈಗ ಎಲ್ಲಾ ತಿಂದು ಮುಗಸ್ಲಿಕ್ಕತ್ತೀವಿ."

"ಉಪಾಸ ಮಾಡಾಕ ಮೊದಲು ವಾರಗಟ್ಲೆ ಹೋಳಿಗಿ ತಿಂತಾರೇನ್ರಿ?"

"ಉಪಾಸ ಅಲ್ಲೋ! ಎರಡು ಹೋಳಾಗೂದು ಮಾತ್ರ ಬಿಡೂದು. ಅಕ್ಕಿ ಎರಡಾಗೂದಿಲ್ಲ, ಗೋಧಿ ಎರಡಾಗೂದಿಲ್ಲ. ಬ್ಯಾಳಿ ಆಗ್ತದ, ಬಟಾಣಿ ಆಗ್ತದ..."

"ಶೇಂಗಾನೂ!" ಎಂದಳು ಒಳಗಿನಿಂದ ಪುಟ್ಟಿ.

ಹನುಮಂತು ಹಣೆ ಒರೆಸಿಕೊಂಡ. "ಇದೆಲ್ಲಾ ಬ್ಯಾಡ ಸಾರ್. ಊರಾಗ ಯಾರ ಮನ್ಯಾಗೂ ಮುಷ್ಟಿ ಬ್ಯಾಳಿ ಇಲ್ಲ. ನಿಮ್ಮ ಅಡಿಗಿ ಮನಿ ಒಮ್ಮಿ ತೋರಸ್ರಿ. ಹೊಸಾ ಮಾಲು ಇಲ್ಲದಿದ್ರ ನಾನ ನಿಮ್ಮ ಕಾಲು ಹಿಡೀತೀನಿ."

ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಭಾರ್ಗವರಾಯರು ಸಂತೋಷದಿಂದ ತಿರುಗಿದರು. ಅಡಿಗೆಮನೆಯ ಹೊಸ್ತಿಲಲ್ಲಿ, ಒದ್ದೆ ಮಡಿಸೀರೆಯಲ್ಲಿ, ಎರಡೂ ಕೈ ಚೌಕಟ್ಟಿಗೆ ಹಚ್ಚಿ ಕಾಶೀಬಾಯಿ ನಿಂತಿದ್ದರು.

"ಮಡ್ಯಾಗ ಅದೀನಿ. ದೇವರ ಅಡಗಿ ಇನ್ನೂ ಇಳಿದಿಲ್ಲ. ಯಾರೂ ದಾಟಬ್ಯಾಡ್ರಿ."

"ಅವ್ವಾ, ಬರೇ ನೋಡ್ತಾರ..."

"ಭಾರ್ಗೂ, ನೀನೂ ದಾಟಬ್ಯಾಡ."

ಆ ಸಣ್ಣ ದೇಹದ ಮುದುಕಿಯ ಹಿಂದೆ ಇಡೀ ಊರಿಗೆ ಬೇಳೆಯ ಮೂಟೆಗಳು ಕಂಡವು. ಹನುಮಂತು ಒಂದು ಹೆಜ್ಜೆ ಹಿಂದೆ ಸರಿದ. "ಆತು ಅಮ್ಮಾರ. ದಾಟಂಗಿಲ್ಲ." ಭಾರ್ಗವರಾಯರ ಕಡೆ ತಿರುಗಿ ಅಂದ: "ನಾಳಿ ರಾಯಚೂರು ರಸ್ತ್ಯಾಗ ವಂಟಾ-ವಾರ್ಪು ಐತಿ. ಊರೆಲ್ಲಾ ರಸ್ತಿ ಮ್ಯಾಲ ಒಲಿ ಹೂಡಿ, ಅಡಿಗಿ ಮಾಡಿ, ಅಲ್ಲೇ ಉಣ್ಣೋದು. ನೀವು ಎಲ್ಲರ ಮುಂದ ನಿಂತು ಹೇಳ್ರಿ. ನಂಬಿದ್ರ ನಂಬ್ತಾರ. ಇಲ್ಲಂದ್ರ ನಾಡದಿಂದ ಟೆಂಟಿಗೆ ಬರಬ್ಯಾಡ್ರಿ. ಓಣ್ಯಾಗ ಯಾರೂ ನಿಮ್ಮನ್ನ ಮಾತಾಡ್ಸಂಗಿಲ್ಲ."

ಗುಂಪು ಚದುರಿತು. ಭಾರ್ಗವರಾಯರು ತಾಯಿಯ ಕಡೆ ನೋಡಲೂ ಆಗದೆ, ನೋಡದೆಯೂ ಇರಲಾಗದೆ ನಿಂತರು. ಕಾಶೀಬಾಯಿ ಒಳಗೆ ತಿರುಗಿದರು. ಅಂದು ಅವರು ಉಣ್ಣಲಿಲ್ಲ. ಕೃಷ್ಣಪ್ರಿಯಾ ಎರಡು ಸಲ ಕರೆದಳು. ಮೂರನೆಯ ಸಲ ಹೋಗಿ ಅವರ ಪಕ್ಕದಲ್ಲಿ ಕೂತಳು.

ಮರುದಿನ ರಾಯಚೂರು ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಡಾಂಬರಿನ ಮೇಲೆ ಮೂರು ಮೂರು ಕಲ್ಲಿನ ಒಲೆಗಳು, ಹೊಗೆ, ಡಪ್ಪಿನ ಸದ್ದು, "ಜೈ ತೆಲಂಗಾಣ" ಎಂಬ ಕೂಗು. ಸಿಕ್ಕಿಬಿದ್ದ ಒಂದು ಲಾರಿಯ ಡ್ರೈವರನೂ ಕೆಳಗಿಳಿದು ಕಟ್ಟಿಗೆ ಒಡೆಯುತ್ತಿದ್ದ. ಮನೆಮನೆಯಿಂದ ಕೂಡಿದ ಅಕ್ಕಿ ದೊಡ್ಡ ಹಂಡೆಯಲ್ಲಿ ಅನ್ನವಾಗಿತ್ತು. ಪಕ್ಕದ ಹಂಡೆಯಲ್ಲಿ ಹುಣಸೆನೀರು ಒಂದೇ ಸಮನೆ ಕುದಿಯುತ್ತಿತ್ತು. ಅದಕ್ಕೆ ಹಾಕಲು ಬೇಳೆ ಇರಲಿಲ್ಲ. ಅಡುಗೆಯವನು ಸೌಟು ಹಿಡಿದು ಅದನ್ನು ತಿರುವುತ್ತಲೇ ಇದ್ದ, ತಿರುವಿದರಾದರೂ ಏನಾದರೂ ಮೇಲೆ ಬಂದೀತೆಂದು.

ಭಾರ್ಗವರಾಯರು ಒಬ್ಬರೇ ಬಂದಿದ್ದರು. ಮನೆಯವರನ್ನು ಈ ಅವಮಾನಕ್ಕೆ ಕರೆತರಲು ಅವರಿಗೆ ಮನಸ್ಸಾಗಿರಲಿಲ್ಲ. ದಾರಿಯುದ್ದಕ್ಕೂ ಒಂದು ಭಾಷಣ ಬಾಯಿಪಾಠ ಮಾಡಿಕೊಂಡಿದ್ದರು. ಅದು ದ್ವಿದಳ ಎಂದರೇನು ಎಂಬಲ್ಲಿಂದ ಶುರುವಾಗಿ ಚಟ್ನಿಪುಡಿಗೆ ಬಂದು ನಿಲ್ಲುತ್ತಿತ್ತು.

ಹನುಮಂತು ಕೈ ಎತ್ತಿದ. ಡಪ್ಪು ನಿಂತಿತು. "ಭಾರ್ಗವ ಸಾರ್, ಮುಂದ ಬರ್ರಿ."

ಜನ ದಾರಿ ಬಿಟ್ಟರು. ಅವರು ಎರಡು ಹಂಡೆಗಳ ನಡುವೆ ನಿಂತು ಗಂಟಲು ಸರಿಮಾಡಿಕೊಂಡರು. "ಬಂಧುಗಳೇ," ಎಂದರು. ಮುಂದಿನದು ನೆನಪಾಗಲಿಲ್ಲ. ನೆನಪಿಗಾಗಿ ದೂರ ನೋಡಿದರು. ದೂರ ನೋಡಿದ್ದೇ ತಡ, ಇದ್ದ ಧೈರ್ಯವೂ ಹೋಯಿತು.

ಊರ ಕಡೆಯಿಂದ ಪೆಂಟಮ್ಮ ಬರುತ್ತಿದ್ದಳು. ಅವಳ ತಲೆಯ ಮೇಲೆ ಇದ್ದದ್ದು ತಮ್ಮ ಮನೆಯ ತೊಗರಿಬೇಳೆಯ ತಗಡಿನ ಡಬ್ಬಿ! ಹಿಂದೆ ಕೃಷ್ಣಪ್ರಿಯಾ, ಕಂಕುಳಲ್ಲಿ ಮತ್ತೆರಡು ಡಬ್ಬಿ. ಅವಳ ಹಿಂದೆ ಫ್ರೀಜರಿನ ಚೀಲಗಳನ್ನು ಎದೆಗವುಚಿಕೊಂಡ ಪುಟ್ಟಿ, ಮುಂದಕ್ಕೆಲ್ಲ ನೀರು ಸೋರಿಸಿಕೊಂಡು.

ಮನೆ ಶೋಧನೆ ಆಯಿತು, ಮಾಲು ಹಿಡಿದು ತರುತ್ತಿದ್ದಾರೆ ಎಂದು ಭಾರ್ಗವರಾಯರಿಗೆ ಖಾತ್ರಿಯಾಯಿತು. ಮುಳುಗುವ ಮನುಷ್ಯನ ಬಾಯಿಂದ ಬರುವ ದನಿಯಲ್ಲಿ ಅವರು ಕೂಗಿದರು:

"ಬಂಧುಗಳೇ! ಹಬ್ಬದ ಮರುದಿನದಿಂದ ಒಂದು ತಿಂಗಳು ನಾನು, ನನ್ನ ಕುಟುಂಬ ಬ್ಯಾಳಿ ಮುಟ್ಟೂದಿಲ್ಲ! ಒಂದ ಒಂದು ಕಾಳು ಸುದ್ದಾ! ತೆಲಂಗಾಣಕ್ಕಾಗಿ!"

ಜನ ಮುಖ ಮುಖ ನೋಡಿಕೊಂಡರು. ಎಲ್ಲೋ ಹಿಂದೆ ಒಬ್ಬ ಅರ್ಧ ಚಪ್ಪಾಳೆ ಹೊಡೆದು ನಿಲ್ಲಿಸಿದ.

"ಅದು ತೆಲಂಗಾಣಕ್ಕಲ್ಲೋ, ವ್ರತದ ದೇವರು ದಾಮೋದರಗ" ಎಂದಿತು ಒಂದು ದನಿ. ಪೆಂಟಮ್ಮನ ಎತ್ತರದ ಮರೆಯಲ್ಲಿ ಬರುತ್ತಿದ್ದ ಕಾಶೀಬಾಯಿ ಮುಂದೆ ಬಂದರು. ಮೈಮೇಲೆ ಮಡಿಸೀರೆ ಇರಲಿಲ್ಲ. ಎಲ್ಲರೂ ಉಡುವಂಥದೇ ಒಂದು ಹಳೆಯ ನಾರಾಯಣಪೇಟೆ ಸೀರೆ. ಮನೆಯಿಂದ ಇಷ್ಟು ದೂರ, ಇಷ್ಟು ಜನರ ನಡುವೆ, ತಾಯಿ ಮಡಿ ಬಿಟ್ಟು ಬಂದದ್ದನ್ನು ಭಾರ್ಗವರಾಯರು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಪೆಂಟಮ್ಮ ಡಬ್ಬಿಯನ್ನು ಧಡ್ ಎಂದು ಡಾಂಬರಿನ ಮೇಲೆ ಇಳಿಸಿ ಸೆರಗು ಬಿಗಿದಳು.

"ಏ ಹನುಮಂತಣ್ಣಾ, ಕೇಳಿಲ್ಲಿ. ಬೆಳಿಗ್ಗೆ ದೊಡ್ಡಮ್ಮಾರು ಗೋಡಿ ಮ್ಯಾಲಿಂದ ನನ್ನ ಕರದ್ರು. ಒಳಗ ಬಾ ಅಂದ್ರು. ಅಡಿಗಿ ಮನ್ಯಾಗ. ನಾನು!" ಅವಳಿಗೆ ಇನ್ನೂ ಅದನ್ನು ನಂಬಲಾಗಿರಲಿಲ್ಲ. "ಎಲ್ಲಾ ಡಬ್ಬಿ ತಗದು ನೋಡು ಅಂದ್ರು. ನೋಡೀನಿ. ಇಷ್ಟು ಅಕ್ಕಿ, ಇಷ್ಟು ಗೋಧಿ, ಉಪ್ಪು ಖಾರ. ಒಂದು ಬದನಿಕಾಯಿ ಇಲ್ಲ. ಹಾಲಿನ ಪ್ಯಾಕೀಟು ಇಲ್ಲ. ಈ ಬ್ಯಾಳಿ ಹೊಸದಲ್ಲ, ಹುಳಾ ಹತ್ತಿ ಕುಣ್ಯಾಕ ಹತ್ತ್ಯಾವ, ನೋಡ್ರಿ ಬೇಕಾರ! ಪಗಾರ ಬಂದವ್ರು ನುಸಿ ಬ್ಯಾಳಿ ತಿಂತಾರೇನು? ಈ ಮಾತು ಮೊದಲು ಹೊಂಟಿದ್ದು ನನ್ನ ಬಾಯಾಗಿಂದ. ನಾನ ಹಿಂದ ತಗೊಂತೀನಿ. ಇನ್ನ ಯಾರರ ಅಂದ್ರ ನನ್ನ ಕೂಡ ಜಗಳಾಕ್ಕ ಬರ್ರಿ."

ಪೆಂಟಮ್ಮನ ಕೂಡ ಜಗಳಕ್ಕೆ ಮಕ್ತಲ್‌ನಲ್ಲಿ ಯಾರೂ ಹೋಗುತ್ತಿರಲಿಲ್ಲ. ವೀರಯ್ಯ ಡಬ್ಬಿಯೊಳಗೆ ಇಣುಕಿ, ಒಂದು ಮುಷ್ಟಿ ಬೇಳೆ ಎತ್ತಿ ಊದಿ ನೋಡಿ, ಅಂಗಡಿಯವನ ಗಾಂಭೀರ್ಯದಲ್ಲಿ ತಲೆಯಾಡಿಸಿದ. "ಬ್ಯಾಸಿಗೀದು" ಎಂದ.

"ಮೊರ, ಜರಡಿ ತರ್ರಿ" ಎಂದರು ಕಾಶೀಬಾಯಿ. "ಹುಳಾ ತಗದು ತೊಳದು ಹಾಕೋಣು. ನೀರು ಒಂದ ಸವನ ಕುದೀಲಿಕ್ಕತ್ತದ, ನಿಂತು ನೋಡ್ತೀರೇನು?"

"ಅತ್ಯಾ," ಎಂದಳು ಕೃಷ್ಣಪ್ರಿಯಾ ಮೆಲ್ಲಗೆ, "ನಾಳಿ ಹಬ್ಬದ ಹೋಳಿಗಿಗೆ ಸ್ವಲ್ಪ ಕಡ್ಲಿಬ್ಯಾಳಿ ಇಟಗೊಳ್ಳಲೇನು?"

"ಯಾಕ? ಇನ್ನೂ ತಿನ್ನೂದದ ಏನು?" ಎಂದರು ಕಾಶೀಬಾಯಿ. "ಗೋಧಿ ಹುಗ್ಗಿ ಮಾಡಿದ್ರಾತು."

ಕೃಷ್ಣಪ್ರಿಯಾ ವಾರದಲ್ಲಿ ಮೊದಲ ಸಲ ನಕ್ಕಳು.

ಅಂದು ರಸ್ತೆಯ ಮೇಲೆ ತೊಗರಿಬೇಳೆ, ಅವರೆಕಾಳು, ಬಟಾಣಿ, ಹೆಸರುಬೇಳೆ ಎಲ್ಲ ಕೂಡಿದ, ಹೆಸರಿಡಲು ಬಾರದ ಒಂದು ಸಾರಾಯಿತು. ಗಂಜಿ ಕುಡಿದಿದ್ದ ಮಾಸ್ತರ ಮೂರು ಸಲ ಹಾಕಿಸಿಕೊಂಡ. ತಾಯಣ್ಣ ಭಾರ್ಗವರಾಯರ ಕಿವಿಯ ಹತ್ತಿರ ಬಂದು, ಸಾಣೆಗೆ ಹೋದ ಕತ್ತರಿ ಬಂದಿದೆ ಎಂದು ಹೇಳಿ ಹೋದ. ಕಾಶೀಬಾಯಿ ಏನೂ ಉಣ್ಣಲಿಲ್ಲ. ಆದರೆ ಬಡಿಸುವವರ ಹಿಂದೆ ನಿಂತು, ಯಾರ ಎಲೆಗೆ ಸಾರು ಕಡಿಮೆ ಬಿತ್ತು ಎಂದು ಕೊನೆಯ ಪಂಕ್ತಿಯವರೆಗೂ ಹೇಳುತ್ತಿದ್ದರು. ಹನುಮಂತು ಹೇಳಿದ ಮಾತಿನಂತೆ ಕಾಲು ಹಿಡಿಯಲು ಬಗ್ಗಿದಾಗ ಭಾರ್ಗವರಾಯರು ಅವನ ರಟ್ಟೆ ಹಿಡಿದು ಎತ್ತಿದರು. ಎತ್ತುವಾಗ ಅವರಿಗೆ ಇನ್ನೊಂದು ತೇಗು ಬಂತು. ಈ ಸಲ ಯಾರೂ ತಿರುಗಿ ನೋಡಲಿಲ್ಲ, ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಮನೆಯ ಕಪಾಟು ಖಾಲಿ, ಫ್ರೀಜರು ಖಾಲಿ, ಹುಕುಂ ಪೂರ್ತಿ ಜಾರಿ, ಹೆಸರು ವಾಪಸು. ದಸರೆ ಕಳೆದು, ಏಕಾದಶಿಯ ಉಪವಾಸವೂ ಮುಗಿದ ದ್ವಾದಶಿಯ ಬೆಳಿಗ್ಗೆ ಭಾರ್ಗವರಾಯರು ಹೊಳೆಯುವ ಖಾಲಿ ಕಪಾಟನ್ನು ನೋಡಿ, ಬರೀ ಅನ್ನ, ಉಪ್ಪು ಖಾರಕ್ಕೆ ಕೂತು, ಬದುಕು ಇಷ್ಟು ಹಗುರವೇ ಎಂದು ಕೃಷ್ಣಪ್ರಿಯಾಗೆ ಹೇಳುತ್ತಿದ್ದರು. ಹೊರಗೆ ಚಕ್ಕಡಿಯೊಂದು ನಿಂತ ಸದ್ದಾಯಿತು.

"ಸಾರ್!" ಹನುಮಂತುವಿನ ದನಿ ಮತ್ತೆ ಮೊದಲಿನಷ್ಟು ದೊಡ್ಡದಾಗಿತ್ತು. "ದೇವರಕದ್ರಿ ಕಡಿಂದ ನಮ್ಮ ಸಮ್ಮಿಗೆ ರೈತರು ಬ್ಯಾಳಿ ಕಳಿಸ್ಯಾರ. ಮುಂದಿನ ವಂಟಾ-ವಾರ್ಪುಗಳಿಗೆ. ಎಲ್ಲಿ ಇಡೋದು? ಟೆಂಟಿನ್ಯಾಗ ಇಟ್ರ ಬೆಳಗಾಗೋದ್ರಾಗ ಅರ್ಧ ಆಗ್ತೈತಿ. ಯಾರ ಮನ್ಯಾಗ ಇಟ್ರೂ ಕೈ ಸುಮ್ಮಿರಂಗಿಲ್ಲ. ಆಮ್ಯಾಲ ಪೆಂಟಮ್ಮಕ್ಕ ನೆನಪು ಮಾಡಿದ್ಲು. ಈ ಊರಾಗ ಒಂದು ತಿಂಗಳು ಬ್ಯಾಳಿ ಮುಟ್ಟದ ಮನಿ ಅಂದ್ರ ನಿಮ್ಮದೊಂದ. ಎಲ್ಲರ ಮುಂದ ಹೇಳೀರಿ ಮತ್ತ!"

ಭಾರ್ಗವರಾಯರು ಬಾಯಿ ತೆರೆಯುವ ಮೊದಲೇ ಮೊದಲ ಮೂಟೆ ಒಳಗೆ ಬಂತು. ಎರಡನೆಯದು ಬಂತು. ಅಡಿಗೆಮನೆಯ ಹೊಸ್ತಿಲ ಈಚೆಗೆ, ಫ್ರಿಜ್ಜಿನಿಂದ ಮಂಚದವರೆಗೆ, ನಡುಮನೆ ತುಂಬಿತು. ಪುಟ್ಟಿ ಒಂದು ಚೀಲಕ್ಕೆ ಬೆರಳು ತೂರಿಸಿ ಕಾಳೊಂದನ್ನು ಎಳೆದು ಕಚ್ಚಿದಳು.

"ಎರಡಾಯ್ತು ಅಪ್ಪಾ."

ಮೂಟೆ ಹೊತ್ತವರ ಹಿಂದೆಯೇ ಪೆಂಟಮ್ಮ ಹಾಲಿನ ತಂಬಿಗೆ ಹಿಡಿದು ಬಂದಳು. "ಹಾಲಿನ ತಿಂಗಳು ಮುಗೀತಂತ ದೊಡ್ಡಮ್ಮಾರು ಹೇಳ್ಯಾರ. ಇವತ್ತಿಂದ ಹಾಕ್ತೀನಿ" ಎಂದು ಕೃಷ್ಣಪ್ರಿಯಾಳ ಕೈಗೆ ತಂಬಿಗೆ ಕೊಟ್ಟಳು. ಆಮೇಲೆ ಮೂಟೆಗಳನ್ನು ಒಮ್ಮೆ ನೋಡಿ, ಭಾರ್ಗವರಾಯರನ್ನು ಒಮ್ಮೆ ನೋಡಿ, ಕಟ್ಟೆಯ ಮೇಲೆ ಆರಾಮವಾಗಿ ಕೂತಳು. "ದಿನಾ ಸಂಜಿಗೆ ಬರ್ತೀನ್ರಿ ರಾಯರ. ಮೂಸಿ ನೋಡಾಕ."

ಭಾರ್ಗವರಾಯರು ಫ್ರಿಜ್ಜಿನ ಮುಂದಿದ್ದ ಕುರ್ಚಿಯನ್ನು ಎಳೆದು ಮೂಟೆಗಳ ಮುಂದೆ ಹಾಕಿಕೊಂಡು ಕೂತರು. ಮೇಲಿನ ಮೂಟೆಯ ಹೊಲಿಗೆಯಿಂದ ಒಂದು ನುಸಿ ಹೊರಬಂದು, ಅತ್ತಿತ್ತ ನೋಡಿ, ಮೆಲ್ಲಗೆ ನಡೆಯತೊಡಗಿತು.

"ಕೃಷ್ಣಾ," ಎಂದರು ಅವರು ದನಿ ಇಳಿಸಿ, "ಇದಕ್ಕೂ ಹುಳಾ ಹತ್ತ್ಯದ. ಲಗೂ ಮುಗಿಸಬೇಕಾಗ್ತದ ಅನಸ್ತದ."

ದೇವರ ಮುಂದಿನಿಂದ ಕಾಶೀಬಾಯಿ ಕೆಮ್ಮಿದರು. ಹೊರಗೆ ಕಟ್ಟೆಯ ಮೇಲೆ ಪೆಂಟಮ್ಮ ಮೂಗೇರಿಸಿ ಒಮ್ಮೆ ಜೋರಾಗಿ ಉಸಿರೆಳೆದಳು.